ಮನುಷ್ಯರ ಮದ್ದಿಗೆ ಯಾರ ಸಾಕ್ಷಿ?

(ಒಬ್ಬರು ಬಹಳ ವರ್ಷ ಫಾರ್ಮಕಾಲಜಿ ಪಾಠ ಮಾಡಿ ನಿವೃತ್ತರಾದವರು. ಇನ್ನೊಬ್ಬ ಅವರ ಕೈಕೆಳಗೆ ಓದಿ, ಈಗ ಬೆಂಗಳೂರಿನ ಔಷಧ ಕಂಪನಿಯೊಂದರಲ್ಲಿ ಹೊಸ ಮದ್ದುಗಳ ವಿಷಪರಿಣಾಮ ನೋಡುವ ವಿಭಾಗದಲ್ಲಿದ್ದಾನೆ.)

ಶಿಷ್ಯ: ಮೇಡಂ, ಥ್ಯಾಲಿಡೊಮೈಡ್ ಬಗ್ಗೆ ಎರಡು ಥರದ ಮಾತು ಕೇಳುತ್ತಿರುತ್ತೇನೆ. ಪ್ರಾಣಿಗಳ ಮೇಲೆ ಸರಿಯಾಗಿ ಪರೀಕ್ಷಿಸದೆ ಮಾರುಕಟ್ಟೆಗೆ ಬಿಟ್ಟದ್ದರಿಂದಲೇ ಅಷ್ಟೊಂದು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದರು ಅಂತ ನಮ್ಮ ವಿಭಾಗದ ಹಿರಿಯರು ಹೇಳುತ್ತಾರೆ. ಪರೀಕ್ಷಿಸಿದ್ದರೂ ಇಲಿಗಳಲ್ಲಿ ಏನೂ ಕಾಣುತ್ತಿರಲಿಲ್ಲ ಅಂತ ಪ್ರಾಣಿ ಪರೀಕ್ಷೆ ನಿಲ್ಲಬೇಕು ಅನ್ನುವವರು ಹೇಳುತ್ತಾರೆ. ಯಾರನ್ನು ನಂಬಲಿ?

ಮೇಡಂ: ಇಬ್ಬರು ಹೇಳುವುದೂ ನಿಜವಪ್ಪ. ಕಷ್ಟ ಇರುವುದೇ ಅಲ್ಲಿ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಅದನ್ನು ನಿದ್ದೆಯ ಮಾತ್ರೆ ಅಂತ ಮಾರಿದರು. ಬಸುರಿಯರ ವಾಕರಿಕೆಗೂ ಕೊಟ್ಟರು. ಗಬ್ಬದ ಪ್ರಾಣಿಗಳಲ್ಲಿ ಅದರ ಪರಿಣಾಮ ಏನು ಅಂತ ನೋಡಿರಲಿಲ್ಲ. 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಮಾರಾಟ ನಿಂತಿತು. ಅಷ್ಟರಲ್ಲಿ ಹಲವು ದೇಶಗಳಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಅದರ ಪೆಟ್ಟು ತಿಂದಿದ್ದರು. ಆಮೇಲೆ ಗಬ್ಬದ ಇಲಿ, ಸುಂಡಿಲಿಗಳಿಗೆ ಕೊಟ್ಟು ನೋಡಿದರೆ ಅಂಥ ಮರಿಗಳು ಹುಟ್ಟಲಿಲ್ಲ. ನ್ಯೂಜಿಲೆಂಡ್ ಬಿಳಿ ಮೊಲದಲ್ಲಿ, ಕೆಲವು ಜಾತಿಯ ಕೋತಿಗಳಲ್ಲಿ ಹುಟ್ಟಿದವು. ಯಾವ ಪ್ರಾಣಿಯನ್ನು ಕೇಳಬೇಕಿತ್ತು ಅನ್ನುವುದು ಮಕ್ಕಳು ಹುಟ್ಟಿದ ಮೇಲೆ ಗೊತ್ತಾಯಿತು.

ಶಿಷ್ಯ: ಇಲಿಯನ್ನು ಬಿಟ್ಟು ಮೊಲದಲ್ಲೇ ಯಾಕೆ ಆಯಿತು ಅನ್ನುವುದು ಈಗಲಾದರೂ ಗೊತ್ತಿದೆಯಾ?

ಮೇಡಂ: ಅರ್ಧ ಶತಮಾನ ಹಿಡಿಯಿತು. 2010ರಲ್ಲಿ ಜಪಾನಿನ ಸಂಶೋಧಕರು ಥ್ಯಾಲಿಡೊಮೈಡ್ ಹೋಗಿ ಅಂಟಿಕೊಳ್ಳುವುದು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂತ ತೋರಿಸಿದರು. ಜೀವಕೋಶದಲ್ಲಿ ಬೇಡವಾದ ಪ್ರೋಟೀನುಗಳನ್ನು ಒಡೆದುಹಾಕಲು ಗುರುತು ಹಾಕುವ ವ್ಯವಸ್ಥೆಯ ಒಂದು ಭಾಗ ಅದು. ಔಷಧಿ ಅಲ್ಲಿ ಕೂತುಬಿಟ್ಟರೆ ಉಳಿಯಬೇಕಾದ ಪ್ರೋಟೀನುಗಳಿಗೂ ಗುರುತು ಬೀಳುತ್ತದೆ. ಹಾಗೆ ಒಡೆದುಹೋಗುವವುಗಳಲ್ಲಿ ಎಸ್‌ಎಎಲ್‌ಎಲ್4 ಅನ್ನುವುದೂ ಒಂದು. ಅದಿಲ್ಲದೆ ಭ್ರೂಣದಲ್ಲಿ ಕೈಕಾಲು ಸರಿಯಾಗಿ ಮೂಡುವುದಿಲ್ಲ. ಇದು ತಿಳಿದದ್ದು 2018ರಲ್ಲಿ. ಇನ್ನು ಇಲಿಯ ಮಾತು. ಮನುಷ್ಯರ ಸೆರೆಬ್ಲಾನಿನ 388ನೇ ಸ್ಥಾನದಲ್ಲಿ ವ್ಯಾಲೀನ್ ಎಂಬ ಅಮೈನೊ ಆಮ್ಲವಿದೆ, ಸುಂಡಿಲಿಯಲ್ಲಿ ಅದಕ್ಕೆ ಸಮನಾದ ಜಾಗದಲ್ಲಿ ಐಸೊಲ್ಯೂಸಿನ್ ಇದೆ. ಅಷ್ಟು ಸಣ್ಣ ವ್ಯತ್ಯಾಸಕ್ಕೆ, ಔಷಧಿ ಅಂಟಿಕೊಂಡರೂ ಅಂಥ ಪ್ರೋಟೀನುಗಳಿಗೆ ಗುರುತು ಬೀಳುವುದು ತಪ್ಪುತ್ತದೆ. ಇವತ್ತು ಯಾರಾದರೂ ಅಂಥದ್ದೇ ಅಣುವನ್ನು ಕಟ್ಟಿದರೆ, ಮನುಷ್ಯರ ಸೆರೆಬ್ಲಾನನ್ನೇ ಒಂದು ಸಣ್ಣ ಕೊಳವೆಯಲ್ಲಿಟ್ಟು ಕೇಳಬಹುದು. ಒಂದು ಮೊಲವೂ ಬೇಕಾಗಿಲ್ಲ.

ಶಿಷ್ಯ: ಆದರೆ ಆ ಪ್ರಶ್ನೆ ಕೇಳಬೇಕು ಅಂತ ಗೊತ್ತಾದದ್ದು ಆ ಮಕ್ಕಳಿಂದ.

ಮೇಡಂ: ಹೌದು. ಅದನ್ನು ಮರೆಯಬೇಡ, ಆ ಮಾತಿಗೆ ಮತ್ತೆ ಬರೋಣ.

ಶಿಷ್ಯ: ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಲಂಡನ್ನಿನ ಪ್ರಕರಣ. ಥ್ಯಾಲಿಡೊಮೈಡ್ ಕಾಲದಲ್ಲಿ ನಿಯಮಗಳೇ ಸಡಿಲ ಇದ್ದವು ಅಂದುಕೊಳ್ಳಬಹುದು. 2006ಕ್ಕೆ ಎಲ್ಲ ನಿಯಮಗಳೂ ಬಂದಿದ್ದವಲ್ಲ.

ಮೇಡಂ: ಟಿಜಿಎನ್1412. ಮಾರ್ಚ್ ತಿಂಗಳು, ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣ. ಆರೋಗ್ಯವಾಗಿದ್ದ ಆರು ಜನ ಗಂಡಸರಿಗೆ ಮೊದಲ ಸಲ ಆ ಔಷಧಿ ಹೋಯಿತು. ಕೋತಿಗಳಿಗೆ ಏನೂ ಆಗದ ಪ್ರಮಾಣದ ಐನೂರನೇ ಒಂದು ಭಾಗ ಅಷ್ಟೇ. ಎರಡು ಗಂಟೆಯೊಳಗೆ ಆರೂ ಜನರ ದೇಹದಲ್ಲಿ ರೋಗನಿರೋಧಕ ಶಕ್ತಿ ಉಕ್ಕಿ ದೇಹದ ಮೇಲೇ ತಿರುಗಿಬಿತ್ತು. ಒಂದೊಂದೇ ಅಂಗ ಸೋಲತೊಡಗಿತು. ಜೀವ ಉಳಿದದ್ದು ತೀವ್ರ ನಿಗಾ ಘಟಕದ ವೈದ್ಯರಿಂದ. ಒಬ್ಬರು ಕೈಕಾಲಿನ ಬೆರಳುಗಳನ್ನು ಕಳೆದುಕೊಂಡರು. ಆಮೇಲೆ ಕಾರಣ ಹುಡುಕಿದರು. ಆ ಔಷಧಿ ಕೂರಬೇಕಾದದ್ದು ಟಿ ಕೋಶಗಳ ಮೇಲಿನ ಸಿಡಿ28 ಎಂಬ ಜಾಗದಲ್ಲಿ. ಪರೀಕ್ಷೆಗೆ ಬಳಸಿದ ಮಕಾಕ್ ಕೋತಿಗಳ ಒಂದು ಬಗೆಯ ಟಿ ಕೋಶಗಳಲ್ಲಿ ಆ ಸಿಡಿ28 ಇರುವುದೇ ಇಲ್ಲ, ನಮ್ಮಲ್ಲಿ ಇದೆ. ಬಿರುಗಾಳಿ ಎದ್ದದ್ದು ಆ ಬಗೆಯ ಕೋಶಗಳಿಂದಲೇ.

ಶಿಷ್ಯ: ಅಂದರೆ ಮೊದಲೇ ಮನುಷ್ಯರ ರಕ್ತದಲ್ಲಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಮೇಡಂ: ಅಷ್ಟು ಸಲೀಸಾಗಿ ಹೇಳಬೇಡ. ಮನುಷ್ಯರ ರಕ್ತಕೋಶಗಳಿಗೆ ಔಷಧಿಯನ್ನು ಸುಮ್ಮನೆ ಬೆರೆಸಿದರೆ ಅವೂ ಸುಮ್ಮನಿದ್ದವು. ಔಷಧಿಯನ್ನು ತಟ್ಟೆಯ ತಳಕ್ಕೆ ಅಂಟಿಸಿ ಒಣಗಿಸಿದಾಗ, ಇಲ್ಲವೆ ರಕ್ತನಾಳದ ಒಳಪದರದ ಕೋಶಗಳ ಜೊತೆ ಬೆಳೆಸಿದಾಗ, ಅವು ಲಂಡನ್ನಿನಲ್ಲಿ ಆದದ್ದನ್ನೇ ಮಾಡಿ ತೋರಿಸಿದವು. ಮನುಷ್ಯರ ಕೋಶ ಅಂದ ಮಾತ್ರಕ್ಕೆ ಅದು ನಿಜ ಹೇಳಿಬಿಡುವುದಿಲ್ಲ. ದೇಹದೊಳಗೆ ಅದಕ್ಕೆ ಸಿಗುವ ನೆರೆಹೊರೆ ಇಲ್ಲೂ ಸಿಗಬೇಕು.

ಶಿಷ್ಯ: ಸೋತ ಕಥೆಗಳನ್ನಷ್ಟೇ ಹೇಳಿದರೆ ಅನ್ಯಾಯ ಆಗುವುದಿಲ್ಲವೇ ಮೇಡಂ? ನಮ್ಮಲ್ಲೇ ನೋಡಿದ್ದೇನೆ. ನಾಯಿಯ ಲಿವರ್ ಕೆಟ್ಟಿತು ಅಂತ ನಿಂತುಹೋದ ಅಣುಗಳಿವೆ. ಅವು ಯಾರ ಹೊಟ್ಟೆಗೂ ಹೋಗಲಿಲ್ಲ, ಹಾಗಾಗಿ ಸುದ್ದಿಯೂ ಆಗಲಿಲ್ಲ. ಉಳಿದ ಜೀವಗಳ ಲೆಕ್ಕ ಯಾರು ಇಡುತ್ತಾರೆ?

ಮೇಡಂ: ನ್ಯಾಯವಾದ ಮಾತು. ಹನ್ನೆರಡು ಔಷಧ ಕಂಪನಿಗಳ ದಾಖಲೆ ಸೇರಿಸಿ 2000ದಲ್ಲಿ ಒಂದು ಅಧ್ಯಯನ ಬಂತು, ನೀನೂ ಓದಿರುತ್ತೀಯ. ಮನುಷ್ಯರಲ್ಲಿ ತೊಂದರೆ ಕೊಟ್ಟ 150 ಔಷಧಿಗಳು. ಇಲಿಯ ಜಾತಿ, ನಾಯಿ ಕೋತಿಗಳ ಜಾತಿ ಎರಡನ್ನೂ ಸೇರಿಸಿ ನೋಡಿದರೆ ಆ ತೊಂದರೆಗಳಲ್ಲಿ ಶೇ. 71ರಷ್ಟು ಪ್ರಾಣಿಗಳಲ್ಲೂ ಕಂಡಿದ್ದವು. ಇಲಿ ಜಾತಿಯನ್ನಷ್ಟೇ ತೆಗೆದುಕೊಂಡರೆ ಶೇ. 43. ಶೇ. 71 ಸಣ್ಣ ಸಂಖ್ಯೆಯಲ್ಲ. ಪ್ರಾಣಿ ಪರೀಕ್ಷೆ ಬರೀ ಕುರುಡು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಆ ಲೆಕ್ಕದಲ್ಲಿ ಇರುವುದು ಮನುಷ್ಯರವರೆಗೆ ಬಂದ ಔಷಧಿಗಳು ಮಾತ್ರ. ನೀನು ಹೇಳಿದ ಆ ನಿಂತುಹೋದ ಅಣುಗಳು ಅದರಲ್ಲಿಲ್ಲ. ಅವುಗಳಲ್ಲಿ ಎಷ್ಟು ನಿಜವಾಗಿ ವಿಷ, ಎಷ್ಟು ನಾಯಿಗೆ ಮಾತ್ರ ವಿಷ? ಪೆನಿಸಿಲಿನ್ ಗಿನಿಪಿಗ್ಗನ್ನು ಕೊಲ್ಲಬಲ್ಲದು. 1940ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನ ಫ್ಲೋರಿ ಬಳಗ ಅದನ್ನು ಮೊದಲು ಕೊಟ್ಟದ್ದು ಸುಂಡಿಲಿಗಳಿಗೆ. ಸೋಂಕು ತಗುಲಿಸಿದ್ದ ಎಂಟರಲ್ಲಿ ನಾಲ್ಕಕ್ಕೆ ಕೊಟ್ಟರು, ಕೊಡದ ನಾಲ್ಕೂ ಬೆಳಗಾಗುವುದರೊಳಗೆ ಸತ್ತವು. ಆ ದಿನ ಪಂಜರದಲ್ಲಿ ಗಿನಿಪಿಗ್ ಇದ್ದಿದ್ದರೆ ಆ ಮದ್ದಿನ ಗತಿ ಏನಾಗುತ್ತಿತ್ತೋ.

ಶಿಷ್ಯ: ಹಾಗಾದರೆ ಎರಡೂ ಕಡೆಯ ತಪ್ಪು ನಮಗೆ ಕಾಣುವುದಿಲ್ಲ.

ಮೇಡಂ: ಕಾಣುವುದಿಲ್ಲ. ಅದಕ್ಕೇ ಹಳೆ ಪರೀಕ್ಷೆಗಳನ್ನು ಅವು ಹಳೆಯವು ಅಂತಲೇ ನಂಬಿಕೊಂಡು ಬಂದಿದ್ದೇವೆ. ಕಣ್ಣಿನ ಪರೀಕ್ಷೆಯನ್ನೇ ತಗೋ. 1944ರಲ್ಲಿ ಜಾನ್ ಡ್ರೇಜ್ ಮತ್ತು ಸಂಗಡಿಗರು ಅಂಕ ಕೊಡುವ ಕ್ರಮ ಬರೆದರು. ಮೊಲದ ತಲೆ ಮಾತ್ರ ಹೊರಗಿರುವ ಪೆಟ್ಟಿಗೆ, ಒಂದು ಕಣ್ಣಿಗೆ ಪದಾರ್ಥ, ಇನ್ನೊಂದು ಕಣ್ಣು ಹೋಲಿಕೆಗೆ, ದಿನಗಟ್ಟಲೆ ನೋಡುತ್ತಾ ಕೆಂಪಿಗೆ ಇಷ್ಟು ಮಂಜಿಗೆ ಇಷ್ಟು ಅಂತ ಅಂಕ. ಮೊಲಕ್ಕೆ ನಮ್ಮಷ್ಟು ಕಣ್ಣೀರು ಬರುವುದಿಲ್ಲ, ಹಾಕಿದ್ದು ತೊಳೆದುಹೋಗುವುದಿಲ್ಲ. 1971ರಲ್ಲಿ ವೈಲ್ ಮತ್ತು ಸ್ಕಾಲಾ ಎಂಬಿಬ್ಬರು ಅವೇ ಪದಾರ್ಥಗಳನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಾಲಯಗಳಿಗೆ ಕೊಟ್ಟು ನೋಡಿದರು. ಒಂದು ಕಡೆ ತೀವ್ರ ಅಂದದ್ದು ಇನ್ನೊಂದು ಕಡೆ ಏನೂ ಇಲ್ಲ ಅನ್ನಿಸಿಕೊಂಡಿತು. ಅದಾದ ಮೇಲೂ ಎಷ್ಟು ವರ್ಷ ನಡೆಯಿತು! ಆ ಮೊಲಗಳನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. ನೋವು ಅವುಗಳದು, ಅದರಿಂದ ಸಿಕ್ಕ ಉತ್ತರವಾದರೂ ಗಟ್ಟಿಯಾಗಿರಲಿಲ್ಲ.

ಶಿಷ್ಯ: ಈಗ ಕಣ್ಣಿಗೆ ಮೊಲ ಬೇಕಾಗುವುದು ತುಂಬ ಕಡಿಮೆ. ಕಸಾಯಿಖಾನೆಯಿಂದ ಬಂದ ದನದ ಕಣ್ಣಿನ ಕಾರ್ನಿಯಾ, ಕೋಳಿಯ ಕಣ್ಣು, ಇಲ್ಲವೆ ಮನುಷ್ಯರ ಕೋಶಗಳಿಂದ ಬೆಳೆಸಿದ ಕಣ್ಣಿನ ಪದರ. ಸೌಂದರ್ಯ ಸಾಧನಗಳಿಗಂತೂ 2014ರಿಂದ ನಮ್ಮ ದೇಶದಲ್ಲಿ ಪ್ರಾಣಿ ಪರೀಕ್ಷೆಯೇ ನಿಷಿದ್ಧ. ಆದರೆ ಕಣ್ಣು, ಚರ್ಮ ಇವೆಲ್ಲ ಹೊರಗಿನ ಅಂಗಗಳು. ಅಲ್ಲಿ ಗೆದ್ದದ್ದನ್ನು ಒಳಗಿನ ಅಂಗಗಳಿಗೂ ಅನ್ವಯಿಸಬಹುದೇ?

ಮೇಡಂ: ಗೆದ್ದದ್ದು ಹೇಗೆ ಅನ್ನುವುದನ್ನು ಸ್ವಲ್ಪ ನಿಂತು ನೋಡು, ಅದರಲ್ಲಿ ಪಾಠ ಇದೆ. ಚರ್ಮದ ಅಲರ್ಜಿಯದ್ದು ಹೇಳು ನೋಡೋಣ, ನಿನಗೆ ಗೊತ್ತಿರುತ್ತದೆ.

ಶಿಷ್ಯ: ಮೊದಲು ಗಿನಿಪಿಗ್ಗಿನ ಚರ್ಮಕ್ಕೆ ಹಚ್ಚುತ್ತಿದ್ದರು. ಆಮೇಲೆ ಸುಂಡಿಲಿಯ ಕಿವಿಗೆ ಹಚ್ಚಿ ಅಲ್ಲಿನ ದುಗ್ಧಗ್ರಂಥಿ ನೋಡುವ ಪರೀಕ್ಷೆ ಬಂತು. ಈಗ ಮೂರು ತುಂಡಾಗಿ ಕೇಳುತ್ತೇವೆ. ತಲೆಗೆ ಹಚ್ಚುವ ಬಣ್ಣದಲ್ಲಿ ಪ್ಯಾರಾ ಫಿನಿಲೀನ್ ಡೈಅಮೈನ್ ಇದೆಯಲ್ಲ, ಹಲವರಿಗೆ ಅದರಿಂದ ಮುಖ ಊದಿಕೊಳ್ಳುತ್ತದೆ. ಅಂಥ ರಾಸಾಯನಿಕ ಚರ್ಮದೊಳಗೆ ಇಳಿದು ಮೊದಲು ಅಲ್ಲಿನ ಪ್ರೋಟೀನಿಗೆ ಕಚ್ಚಿಕೊಳ್ಳಬೇಕು. ಅದನ್ನು ಒಂದು ಕೊಳವೆಯಲ್ಲಿ ಸಣ್ಣ ಪೆಪ್ಟೈಡುಗಳ ಜೊತೆ ಬೆರೆಸಿ ಅಳೆಯಬಹುದು, ಅಲ್ಲಿ ಜೀವವೇ ಇಲ್ಲ. ಎರಡನೆಯದಾಗಿ ಚರ್ಮದ ಮೇಲ್ಪದರದ ಕೋಶಗಳು ಅಪಾಯದ ಸುಳಿವು ಹಿಡಿಯಬೇಕು. ಅದಕ್ಕೆ ಮನುಷ್ಯರ ಚರ್ಮಕೋಶಗಳ ಒಂದು ತಳಿ ಇದೆ, ಸುಳಿವು ಸಿಕ್ಕರೆ ಬೆಳಕು ಬೀರುವಂತೆ ತಿದ್ದಿದ್ದಾರೆ. ಮೂರನೆಯದಾಗಿ ಕಾವಲು ಕಾಯುವ ಡೆಂಡ್ರೈಟಿಕ್ ಕೋಶಗಳು ಎಚ್ಚೆತ್ತು ಸುದ್ದಿ ಒಯ್ಯಬೇಕು. ಅದಕ್ಕೆ ಮನುಷ್ಯರ ರಕ್ತಕೋಶದ ಇನ್ನೊಂದು ತಳಿ. ಮೂರರಲ್ಲಿ ಎರಡು ಹೌದು ಅಂದರೆ ಹೌದು, ಎರಡು ಇಲ್ಲ ಅಂದರೆ ಇಲ್ಲ. 2021ರಲ್ಲಿ ಒಇಸಿಡಿ ಇದನ್ನು 497ನೇ ಮಾರ್ಗಸೂಚಿಯಾಗಿ ಹೊರತಂದಿತು. ಸದಸ್ಯ ದೇಶಗಳು ಈ ಫಲಿತಾಂಶವನ್ನು ಒಪ್ಪಲೇಬೇಕು.

ಮೇಡಂ: ಇನ್ನೊಂದು ಮಾತು ಬಿಟ್ಟೆ ನೀನು. ಅದನ್ನು ಯಾವುದರ ಎದುರು ಇಟ್ಟು ಅಳೆದರು?

ಶಿಷ್ಯ: ಸುಂಡಿಲಿ ಪರೀಕ್ಷೆಯ ಎದುರು. ಮತ್ತೆ... ಹೌದು, ಮನುಷ್ಯರ ದಾಖಲೆಗಳ ಎದುರು ಕೂಡ. ಹಳೆಯ ಪ್ಯಾಚ್ ಟೆಸ್ಟುಗಳ ದಾಖಲೆ.

ಮೇಡಂ: ಅದೇ ಮುಖ್ಯ. ಮನುಷ್ಯರ ದಾಖಲೆಗಳ ಎದುರು ಇಟ್ಟಾಗ ಈ ಮೂರು ತುಂಡಿನ ಪರೀಕ್ಷೆ ಸುಂಡಿಲಿಗಿಂತ ಹಿಂದೆ ಬೀಳಲಿಲ್ಲ. ಹೊಸ ವಿಧಾನ ಬಂದಾಗಲೆಲ್ಲ ಇಲಿ ಹೇಳಿದ್ದನ್ನೇ ಇದೂ ಹೇಳುತ್ತದೆಯೇ ಅಂತ ನೋಡುವುದು ನಮ್ಮ ರೂಢಿ. ಇಲಿ ತಪ್ಪಿದ ಕಡೆ ಇದೂ ತಪ್ಪಿದರೆ ಅಂಕ ಜಾಸ್ತಿ, ಇಲಿ ತಪ್ಪಿದ ಕಡೆ ಇದು ಸರಿ ಹೇಳಿದರೆ ಅಂಕ ಕಡಿಮೆ! ಹೀಗೆ ಅಳೆಯುತ್ತಾ ಕೂತರೆ ನಾವು ಇಲಿಯಿಂದ ಯಾವತ್ತೂ ಬಿಡಿಸಿಕೊಳ್ಳುವುದಿಲ್ಲ. ಮನುಷ್ಯರಿಗೆ ಏನಾಯಿತು ಅನ್ನುವುದೇ ಅಳತೆಗೋಲು ಆಗಬೇಕು. ಅದಕ್ಕೆ ಮನುಷ್ಯರಿಗೆ ಏನಾಯಿತು ಅಂತ ಯಾರಾದರೂ ಬರೆದಿಟ್ಟಿರಬೇಕು.

ಶಿಷ್ಯ: ಥ್ಯಾಲಿಡೊಮೈಡ್ ಮಕ್ಕಳ ಮಾತಿಗೆ ಬಂದಿರಿ.

ಮೇಡಂ: ಬಂದೆ. ನಮ್ಮ ಹೆಂಗಸರ ಹಣೆಯ ಮಾತೂ ಅದೇ. ಸ್ಟಿಕ್ಕರ್ ಬಿಂದಿಯ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್ ಇದ್ದರೆ ಬಿಂದಿ ಇಡುವ ಜಾಗದಲ್ಲೇ ಬಿಳಿ ಮಚ್ಚೆ ಬರಬಹುದು. ಇದನ್ನು ಬರೆದಿಟ್ಟವರು ನಮ್ಮ ಚರ್ಮರೋಗ ವೈದ್ಯರು. ನೀನು ಹೇಳಿದ ಮೂರು ಪರೀಕ್ಷೆಗಳು ಅಲರ್ಜಿಯನ್ನು ಕೇಳುತ್ತವೆ, ಚರ್ಮಕ್ಕೆ ಬಣ್ಣ ಕೊಡುವ ಕೋಶ ಸಾಯುತ್ತದೆಯೇ ಅಂತ ಕೇಳುವುದಿಲ್ಲ. ಆ ಪ್ರಶ್ನೆ ಹುಟ್ಟಿದ್ದು ಹಣೆಯನ್ನು ನೋಡಿದವರಿಂದ.

ಶಿಷ್ಯ: ಒಳಗಿನ ಅಂಗಗಳಿಗೆ ಬರೋಣ ಮೇಡಂ. ಲಿವರ್. ಮಾರುಕಟ್ಟೆಗೆ ಬಂದು ವಾಪಸಾದ ಔಷಧಿಗಳಲ್ಲಿ ಲಿವರಿನ ಪಾಲು ದೊಡ್ಡದು. ಇಲಿ ಅಲ್ಲಿ ಬಹಳ ಸಲ ಸೋಲುತ್ತದೆ.

ಮೇಡಂ: 1993ರ ಫಯಾಲ್ಯುರಿಡೀನ್. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹೆಪಟೈಟಿಸ್ ಬಿ ಇದ್ದ 15 ಜನರಿಗೆ ಕೊಟ್ಟರು. ವಾರಗಳು ಕಳೆದ ಮೇಲೆ ಏಳು ಜನರ ಲಿವರ್ ಸೋತಿತು. ಐದು ಜನ ಸತ್ತರು, ಇಬ್ಬರು ಲಿವರ್ ಕಸಿಯಿಂದ ಬದುಕಿದರು. ಮೊದಲಿನ ಪ್ರಾಣಿ ಪರೀಕ್ಷೆಗಳಲ್ಲಿ ಇದರ ಸುಳಿವು ಸಿಕ್ಕಿರಲಿಲ್ಲ. ಔಷಧಿಯನ್ನು ಒಳಗೆ ಸಾಗಿಸುವ ಒಂದು ಪ್ರೋಟೀನು ಮನುಷ್ಯರಲ್ಲಿ ಮೈಟೊಕಾಂಡ್ರಿಯಾದ ಪೊರೆಯ ಮೇಲೂ ಇದೆ, ಇಲಿಗಳಲ್ಲಿ ಅಲ್ಲಿಲ್ಲ. ಹಾಗಾಗಿ ಇಲಿಯ ಮೈಟೊಕಾಂಡ್ರಿಯಾದೊಳಕ್ಕೆ ಔಷಧಿ ಹೋಗಲೇ ಇಲ್ಲ.

ಶಿಷ್ಯ: ಅದಕ್ಕೇ ಲಿವರ್ ಚಿಪ್ ಬಂದಾಗ ನಮಗೆಲ್ಲ ಆಸೆ ಹುಟ್ಟಿತು. 2010ರಲ್ಲಿ ಹಾರ್ವರ್ಡಿನ ವೀಸ್ ಸಂಸ್ಥೆಯಲ್ಲಿ ಡೊನಾಲ್ಡ್ ಇಂಗ್‌ಬರ್ ತಂಡ ಶ್ವಾಸಕೋಶದ ಚಿಪ್ ತೋರಿಸಿತು. ಹೆಬ್ಬೆರಳಿನಷ್ಟು ಪಾರದರ್ಶಕ ತುಂಡಿನೊಳಗೆ ಸಣ್ಣ ಕಾಲುವೆಗಳು, ನಡುವೆ ತೂತಿನ ಪೊರೆ, ಒಂದು ಬದಿಗೆ ಗಾಳಿ ಇನ್ನೊಂದು ಬದಿಗೆ ರಕ್ತದಂಥ ದ್ರವ, ಉಸಿರಾಟದ ಹಾಗೆ ಪೊರೆಯನ್ನು ಎಳೆದು ಬಿಡುವ ವ್ಯವಸ್ಥೆ. ಆಮೇಲೆ 2022ರಲ್ಲಿ ಲಿವರ್ ಚಿಪ್ಪಿನ ದೊಡ್ಡ ಅಧ್ಯಯನ ಬಂತು. 27 ಔಷಧಿ, 870 ಚಿಪ್. ಪ್ರಾಣಿ ಪರೀಕ್ಷೆ ದಾಟಿ ಬಂದು ಮನುಷ್ಯರ ಲಿವರ್ ಕೆಡಿಸಿದ ಔಷಧಿಗಳೂ ಅದರಲ್ಲಿದ್ದವು. ವಿಷವಾದವುಗಳಲ್ಲಿ ಶೇ. 87ರಷ್ಟನ್ನು ಚಿಪ್ ಹಿಡಿಯಿತು, ವಿಷವಲ್ಲದ ಒಂದನ್ನೂ ವಿಷ ಅನ್ನಲಿಲ್ಲ.

ಮೇಡಂ: ಒಳ್ಳೆಯ ಕೆಲಸ, ಸಂತೋಷ ಆಯಿತು ಓದಿ. ಆದರೆ ಅದು ಚಿಪ್ ಮಾಡುವ ಕಂಪನಿಯದ್ದೇ ಅಧ್ಯಯನ, ಬೇರೆಯವರ ಕೈಯಲ್ಲೂ ನಿಲ್ಲಬೇಕು. ಇಪ್ಪತ್ತೇಳು ಔಷಧಿ ಸಣ್ಣ ಗುಂಪು. ಕೋಶಗಳು ಬಂದದ್ದು ಕೆಲವೇ ದಾನಿಗಳಿಂದ. ಐವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ, ಜೊತೆಗೆ ಕ್ಷಯದ ಮಾತ್ರೆ ನುಂಗುತ್ತಿರುವ ರಾಯಚೂರಿನ ಒಬ್ಬ ಹೆಂಗಸಿನ ಲಿವರ್ ಆ ಚಿಪ್ಪಿನಲ್ಲಿ ಇಲ್ಲ. ಇಲಿಯಲ್ಲೂ ಇರಲಿಲ್ಲ ಅನ್ನು.

ಶಿಷ್ಯ: ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಪ್ರಾಣಿರಹಿತ ಅಂತ ನಾವು ಬರೆಯುವ ಎಷ್ಟೋ ಪರೀಕ್ಷೆಗಳಲ್ಲಿ ಪ್ರಾಣಿ ಇದೆ. ಕೋಶ ಬೆಳೆಸಲು ಹಾಕುವ ಸೀರಂ ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆಯಲ್ಲಿನ ಕರುವಿನ ರಕ್ತದ್ದು. ಏಮ್ಸ್ ಪರೀಕ್ಷೆಗೆ ಬೇಕಾದ ಎಸ್9 ಎಂಬ ಕಿಣ್ವಗಳ ಸಾರ ಇಲಿಯ ಲಿವರಿನಿಂದ ಬರುತ್ತದೆ.

ಮೇಡಂ: ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ನೀನು ಹೇಳಿದ್ದು ಒಳ್ಳೆಯದಾಯಿತು. ಸೀರಂ ಇಲ್ಲದೆ ಕೋಶ ಬೆಳೆಸುವ ದ್ರವಗಳು ಬಂದಿವೆ, ಅವನ್ನು ತರಿಸಲು ಹಟ ಹಿಡಿಯಬೇಕು. ಆದರೆ ಏಮ್ಸ್ ಬಗ್ಗೆ ನನಗೆ ದೊಡ್ಡ ಗೌರವ. ಬ್ರೂಸ್ ಏಮ್ಸ್ ಒಂದು ಬ್ಯಾಕ್ಟೀರಿಯಾ ಹಿಡಿದು ಕೂತರು. ಹಿಸ್ಟಿಡಿನ್ ಹಾಕದಿದ್ದರೆ ಬೆಳೆಯಲಾರದ ಸಾಲ್ಮೊನೆಲ್ಲಾ. ರಾಸಾಯನಿಕವೊಂದು ಅದರ ಡಿಎನ್‌ಎಯನ್ನು ಕೆಣಕಿದರೆ ಕೆಲವು ಬ್ಯಾಕ್ಟೀರಿಯಾಗಳು ಹಳೆಯ ಶಕ್ತಿಗೆ ಮರಳಿ ಹಿಸ್ಟಿಡಿನ್ ಇಲ್ಲದೆಯೂ ಬೆಳೆಯುತ್ತವೆ. ಎರಡು ಮೂರು ದಿನದಲ್ಲಿ ತಟ್ಟೆಯ ಮೇಲೆ ಚುಕ್ಕೆಗಳನ್ನು ಎಣಿಸಿದರಾಯಿತು. ಅಮೆರಿಕದ ಮಕ್ಕಳ ರಾತ್ರಿ ಉಡುಪಿಗೆ ಬೆಂಕಿ ಹತ್ತದಿರಲಿ ಅಂತ ಟ್ರಿಸ್ ಎಂಬ ರಾಸಾಯನಿಕ ಹಚ್ಚುತ್ತಿದ್ದರು. ಅದು ಡಿಎನ್‌ಎ ಕೆಡಿಸುತ್ತದೆ ಅಂತ ಈ ಚುಕ್ಕೆಗಳೇ ಹೇಳಿದವು, 1977ರಲ್ಲಿ ಅಂಥ ಉಡುಪುಗಳಿಗೆ ನಿಷೇಧ ಬಿತ್ತು.

ಶಿಷ್ಯ: ಈಗ ಕೆಲವು ಕಡೆ ಆ ತಟ್ಟೆಯೂ ಬೇಕಿಲ್ಲ. ಔಷಧಿಯಲ್ಲಿ ಉಳಿದುಬಿಡುವ ಕಶ್ಮಲಗಳ ವಿಷಯದಲ್ಲಿ ದೇಶದೇಶಗಳ ಔಷಧ ನಿಯಮಗಳನ್ನು ಹೊಂದಿಸುವ ಐಸಿಎಚ್‌ನ ಎಂ7 ಮಾರ್ಗಸೂಚಿ ಕಂಪ್ಯೂಟರ್ ಲೆಕ್ಕವನ್ನೇ ಒಪ್ಪುತ್ತದೆ. ತಜ್ಞರು ಬರೆದ ನಿಯಮಗಳಿಂದ ನಡೆಯುವ ಒಂದು ಮಾದರಿ, ಸಂಖ್ಯಾಶಾಸ್ತ್ರದಿಂದ ಕಲಿತ ಇನ್ನೊಂದು ಮಾದರಿ. ಅಣುವಿನ ಆಕಾರ ನೋಡಿ ಎರಡೂ ಅಪಾಯ ಇಲ್ಲ ಅಂದರೆ ಸಾಕು. ನನ್ನ ದಿನದ ಅರ್ಧ ಕೆಲಸ ಇದೇ.

ಮೇಡಂ: ಅವು ಎಲ್ಲಿ ಎಡವುತ್ತವೆ?

ಶಿಷ್ಯ: ಮೊದಲು ಕಾಣದ ಆಕಾರ ಬಂದಾಗ. ಕಲಿತ ಅಣುಗಳ ಗುಂಪಿನಿಂದ ದೂರ ಇರುವ ಅಣುವಿಗೂ ಯಂತ್ರ ಒಂದು ಉತ್ತರ ಕೊಟ್ಟುಬಿಡುತ್ತದೆ. ಇದು ನನಗೆ ಗೊತ್ತಿರುವ ಜಾಗವಲ್ಲ ಅಂತ ಹೇಳುವ ಮಾದರಿಯನ್ನು ಮಾತ್ರ ನಂಬಬೇಕು. ಆದರೆ ಮೇಡಂ, ಹದ್ದುಗಳ ವಿಷಯ ಬಂದಾಗ ನನಗೆ ಈ ಇಡೀ ವಾದವೇ ಅಲುಗಾಡುತ್ತದೆ. ರಾಮದೇವರ ಬೆಟ್ಟದಲ್ಲಿ ಉಳಿದಿರುವ ಆ ರಣಹದ್ದುಗಳು. ನೋವಿನ ಮದ್ದು ಡೈಕ್ಲೊಫೆನಾಕ್ ದನಕ್ಕೂ ಕ್ಷೇಮ, ಮನುಷ್ಯರಿಗೂ ಕ್ಷೇಮ. ಅದನ್ನು ಚುಚ್ಚಿಸಿಕೊಂಡು ಸತ್ತ ದನ ತಿಂದ ಹದ್ದುಗಳ ಕಿಡ್ನಿ ಹೋಯಿತು. ಬಿಳಿ ಬೆನ್ನಿನ ರಣಹದ್ದು ದೇಶದಲ್ಲಿ ಶೇ. 99ಕ್ಕಿಂತ ಹೆಚ್ಚು ಕಡಿಮೆಯಾಯಿತು. 2004ರಲ್ಲಿ ಕಾರಣ ತಿಳಿಯಿತು, 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ಬದಲಿಗೆ ಮೆಲಾಕ್ಸಿಕ್ಯಾಮ್ ಬಂತು. ಅದು ಹದ್ದಿಗೆ ಕ್ಷೇಮ ಅಂತ ಗೊತ್ತಾದದ್ದು ಹದ್ದುಗಳಿಗೇ ಕೊಟ್ಟು ನೋಡಿ. ಪ್ರಾಣಿ ಪರೀಕ್ಷೆ ಇಲ್ಲದಿದ್ದರೆ ಹದ್ದನ್ನು ಉಳಿಸುತ್ತಿದ್ದದ್ದು ಹೇಗೆ?

ಮೇಡಂ: ಹದ್ದಿನ ಪ್ರಶ್ನೆಯನ್ನು ಹದ್ದಿಗೇ ಕೇಳಿದರು, ಅದು ಸರಿಯಾದ ಕೆಲಸ. ನಾನು ಬೇಡ ಅನ್ನುವುದು ಮನುಷ್ಯರ ಪ್ರಶ್ನೆಯನ್ನು ನಾಯಿಗೆ ಕೇಳಿ, ಅದರ ಉತ್ತರವನ್ನು ಮನುಷ್ಯರದ್ದು ಅಂತ ಬರೆದುಕೊಳ್ಳುವುದನ್ನು. ಹದ್ದುಗಳಿಗೆ ಕೊಡುವ ಮೊದಲು ಅವರಿಗೆ ಧೈರ್ಯ ಬಂದದ್ದು ಎಲ್ಲಿಂದ ಗೊತ್ತಾ? ಮೃಗಾಲಯಗಳ ಪಶುವೈದ್ಯರಿಗೆ ಪತ್ರ ಬರೆದು, ಯಾವ ಹಕ್ಕಿಗೆ ಯಾವ ನೋವಿನ ಮದ್ದು ಕೊಟ್ಟಿದ್ದೀರಿ, ಏನಾಯಿತು ಅಂತ ಕೇಳಿದರು. 60 ಜಾತಿಯ 700ಕ್ಕೂ ಹೆಚ್ಚು ಹಕ್ಕಿಗಳಿಗೆ ಮೆಲಾಕ್ಸಿಕ್ಯಾಮ್ ಹೋಗಿತ್ತು, ಅದರಿಂದ ಒಂದೂ ಸತ್ತಿರಲಿಲ್ಲ. ಯಾರೋ ಚಿಕಿತ್ಸೆ ಕೊಟ್ಟು, ಪುಸ್ತಕದಲ್ಲಿ ಬರೆದಿಟ್ಟು, ಮರೆತಿದ್ದ ಸಾಲುಗಳು. ಒಂದು ಜಾತಿಯನ್ನು ಕಾಯುವ ಕೆಲಸ ಆ ಸಾಲುಗಳಿಂದ ಶುರುವಾಯಿತು.

ಶಿಷ್ಯ: ದಾಖಲೆ ಇದ್ದರೆ ಮಾತ್ರ.

ಮೇಡಂ: ದಾಖಲೆ ಇದ್ದರೆ, ಅದನ್ನು ಕೇಳುವವರಿದ್ದರೆ. ಎಂಡೋಸಲ್ಫಾನ್ ಕೀಟನಾಶಕವನ್ನೇ ನೋಡು. ಅದು ನರಗಳಿಗೆ ವಿಷ, ಸೆಳವು ತರುತ್ತದೆ ಅನ್ನುವುದು ಪ್ರಾಣಿಗಳಿಂದ ಮೊದಲೇ ಗೊತ್ತಿತ್ತು. ಕಾಸರಗೋಡಿನಲ್ಲಿ, ನಮ್ಮ ಬೆಳ್ತಂಗಡಿಯ ಕೊಕ್ಕಡದ ಕಡೆ, ಗೇರು ತೋಟಗಳ ಮೇಲೆ ಆಕಾಶದಿಂದ ವರ್ಷಗಟ್ಟಲೆ ಸುರಿದರು. ಕೆಳಗೆ ಸುರಂಗದ ನೀರು, ತೋಡು, ಮುಚ್ಚಳವಿಲ್ಲದ ಬಾವಿ, ಅಂಗಳದಲ್ಲಿ ಆಡುವ ಮಕ್ಕಳು. ಯಾವ ಪಂಜರದ ಇಲಿಗೂ ಹಾಗೆ ಕುಡಿಸಿ, ಉಸಿರಾಡಿಸಿ, ಇಪ್ಪತ್ತು ವರ್ಷ ಇಟ್ಟು ನೋಡಿರಲಿಲ್ಲ. ಪಡ್ರೆಯ ಕಡೆ ವೈದ್ಯರಾಗಿದ್ದ ಡಾ. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಕಾಯಿಲೆಗಳು ಎಲ್ಲ ಊರಿನಂತಿಲ್ಲ ಅಂತ ಗುರುತಿಸಿ ಬರೆದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು. ಮುನ್ಸೂಚನೆ ಹೇಳುವ ಯಂತ್ರ ಎಷ್ಟೇ ಜಾಣ ಆಗಲಿ, ಅಂಥ ವೈದ್ಯರ ಕಾಗದ ಅದರ ಕೈಗೆ ತಲುಪದಿದ್ದರೆ ಅದಕ್ಕೆ ಕಲಿಯಲು ಏನು ಉಳಿಯಿತು?

ಶಿಷ್ಯ: ಮನುಷ್ಯರ ದಾಖಲೆಯಿಂದಲೇ ಮುನ್ಸೂಚನೆ ಕಟ್ಟಿ, ಪ್ರಾಣಿಯೇ ಬೇಡವಾದ ಉದಾಹರಣೆ ಇದೆಯೇ?

ಮೇಡಂ: ಕಾರ್ಬಮಾಜೆಪಿನ್. ಅಪಸ್ಮಾರಕ್ಕೆ ಎಷ್ಟು ಜನ ನುಂಗುವ ಮಾತ್ರೆ! ಕೆಲವರಿಗೆ ಅದರಿಂದ ಮೈ ಚರ್ಮ ಸುಟ್ಟಂತೆ ಸುಲಿಯುತ್ತದೆ, ಜೀವ ಹೋಗಬಹುದು. ಯಾರಿಗೆ ಅಂತ ಯಾವ ಇಲಿ ಹೇಳೀತು? 2004ರಲ್ಲಿ ತೈವಾನಿನ ವೈದ್ಯರು ಹಾಗಾದ ರೋಗಿಗಳನ್ನು ಒಟ್ಟುಮಾಡಿ ರಕ್ತ ನೋಡಿದರು. ಎಚ್‌ಎಲ್‌ಎ-ಬಿ 1502 ಎಂಬ ಒಂದು ಜೀನ್ ಮಾದರಿ ಅವರಲ್ಲಿತ್ತು. ಆಮೇಲೆ 4,877 ಜನರ ರಕ್ತ ಮೊದಲೇ ನೋಡಿ, ಆ ಜೀನ್ ಇದ್ದವರಿಗೆ ಬೇರೆ ಮದ್ದು ಕೊಟ್ಟರು. ಒಬ್ಬರಿಗೂ ಚರ್ಮ ಸುಲಿಯಲಿಲ್ಲ. 2011ರಲ್ಲಿ ಪ್ರಕಟವಾಯಿತು. ಭಾರತೀಯ ರೋಗಿಗಳಲ್ಲೂ ಆ ನಂಟನ್ನು ಕಂಡವರಿದ್ದಾರೆ. ನಮ್ಮಲ್ಲೂ 2010ರಿಂದ ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ ಇದೆ. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ನೂರಾರು ಜನರ ಸಾಲಿನ ಮುಂದೆ ಕೂತ ಡಾಕ್ಟರು ಆ ಫಾರಂ ತುಂಬಿಸುವಂತೆ ಆಗಬೇಕು. ರೋಗಿಯೂ ತುಂಬಬಹುದು ಅಂತ ಎಷ್ಟು ರೋಗಿಗಳಿಗೆ ಗೊತ್ತು? ಪ್ರಾಣಿ ಪರೀಕ್ಷೆ ನಿಲ್ಲಬೇಕು ಅನ್ನುವವರು ಬೀದಿಗಿಳಿದು ಕೇಳಬೇಕಾದದ್ದು ಇದನ್ನೂ.

ಶಿಷ್ಯ: ಕಾನೂನು ಈಗ ಅಡ್ಡ ಬರುವುದಿಲ್ಲ ಮೇಡಂ. ಅಮೆರಿಕದಲ್ಲಿ 1938ರ ಕಾಯ್ದೆಯಿಂದ ಬಂದಿದ್ದ ಪ್ರಾಣಿ ಪರೀಕ್ಷೆಯ ಕಡ್ಡಾಯ 2022ರ ಡಿಸೆಂಬರಿನಲ್ಲಿ ಹೋಯಿತು. ನಮ್ಮಲ್ಲೂ 2023ರ ಮಾರ್ಚಿನಲ್ಲಿ ಹೊಸ ಔಷಧ ನಿಯಮಗಳಿಗೆ ತಿದ್ದುಪಡಿ ಬಂತು. ಕೋಶಗಳು, ಆರ್ಗನಾಯ್ಡ್, ಚಿಪ್, ಕಂಪ್ಯೂಟರ್ ಲೆಕ್ಕ ಎಲ್ಲಕ್ಕೂ ಜಾಗ ಇದೆ. ಹೀಗಿದ್ದೂ ಮುಂದಿನ ತಿಂಗಳು ನಮ್ಮ ಎಥಿಕ್ಸ್ ಕಮಿಟಿಯ ಮುಂದೆ ನಾನು ಇಡಬೇಕಾಗಿರುವುದು 28 ದಿನದ ಬೀಗಲ್ ನಾಯಿಗಳ ಅಧ್ಯಯನ.

ಮೇಡಂ: ಆ ನಾಯಿಗಳಿಂದ ನಿನಗೆ ತಿಳಿಯಬೇಕಾದದ್ದು ಏನು?

ಶಿಷ್ಯ: ನಿಜ ಹೇಳಲಾ? ಇಲಿ ಆದ ಮೇಲೆ ಇಲಿಯಲ್ಲದ ಇನ್ನೊಂದು ಜಾತಿ ಅಂತ ಕಾಲಂ ಇದೆ. ಅದು ಖಾಲಿ ಇದ್ದರೆ ಫೈಲ್ ವಾಪಸ್ ಬರುತ್ತದೆ ಅನ್ನುವ ಭಯ. ಅದರಾಚೆ ಒಂದು ಪ್ರಶ್ನೆ ಇದೆ. ಮನುಷ್ಯರ ಲಿವರ್ ಕೋಶಗಳಲ್ಲಿ ನಮ್ಮ ಅಣು ಒಡೆದಾಗ ಒಂದು ಮೆಟಬೊಲೈಟ್ ಕಾಣುತ್ತಿದೆ. ಅದು ವಿಷವೋ ಅಲ್ಲವೋ ಗೊತ್ತಾಗಬೇಕು.

ಮೇಡಂ: ನಾಯಿಯ ಲಿವರ್ ಆ ಮೆಟಬೊಲೈಟನ್ನು ಮಾಡುತ್ತದೆಯೇ?

ಶಿಷ್ಯ: ನೋಡಿಲ್ಲ.

ಮೇಡಂ: ನಾಯಿಯ ಲಿವರ್ ಕೋಶಗಳು ಶೀತಲೀಕರಿಸಿದವು ಸಿಗುತ್ತವಲ್ಲ, ಮೊದಲು ಅದನ್ನು ತಟ್ಟೆಯಲ್ಲಿ ನೋಡು. ಮಾಡದಿದ್ದರೆ ಆ ನಾಯಿಗಳು 28 ದಿನ ಬೋನಿನಲ್ಲಿದ್ದು ಸತ್ತರೂ ನಿನ್ನ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಕಮಿಟಿಗೆ ಅದನ್ನೇ ಬರೆದುಕೊಡು, ದೆಹಲಿಯ ಔಷಧ ನಿಯಂತ್ರಕರಿಗೂ ಬರೆ. ಆ ಮೆಟಬೊಲೈಟನ್ನು ಬೇರೆ ತಯಾರಿಸಿ, ಮನುಷ್ಯರ ಲಿವರ್ ಕೋಶಗಳ ಮೇಲೆ ವಾರಗಟ್ಟಲೆ ಇಟ್ಟು ಪರೀಕ್ಷಿಸು.

ಶಿಷ್ಯ: ನಾಯಿಯಲ್ಲೂ ಆ ಮೆಟಬೊಲೈಟ್ ಕಂಡರೆ?

ಮೇಡಂ: ಆಗ ನಾಯಿಯನ್ನು ಕೇಳಲು ಒಂದು ಕಾರಣ ಇದೆ ಅಂತ ಒಪ್ಪುತ್ತೇನೆ, ಮನಸ್ಸಿಗೆ ನೋವಾದರೂ. ಎಷ್ಟು ನಾಯಿ, ಯಾವ ಡೋಸಿನಲ್ಲಿ ನಿಲ್ಲಿಸುತ್ತೀಯ ಅನ್ನುವುದನ್ನು ಆಗ ಕೂತು ಜಗಳ ಆಡೋಣ. ಕೋಶಗಳನ್ನು ತರಿಸಲು ಎಷ್ಟು ದಿನ ಬೇಕು?

ಶಿಷ್ಯ: ಎರಡು ವಾರ. ಪರೀಕ್ಷೆಗೆ ಇನ್ನೊಂದು ವಾರ.

ಮೇಡಂ: ಕಮಿಟಿಗೆ ಮೊದಲೇ ಆಗುತ್ತದೆ. ಆರ್ಡರ್ ಹಾಕು.